ಮೈಕಿನಾಗೆ ಕೊಟ್ಟ ಮಾತು

"ಇದು ಯಾರ ಗಾಡೀದು? ಹೇಳಲೇ, ಬಾಯಿ ಬಿಡು!"

ಕೊಂಡ್ಲಹಳ್ಳಿಗೆ ಹೋಗಿ ಬಂದ ಮಂಜಮ್ಮ ಬ್ರೇಕ್ ಶೂ ತಂದು ಮೈದುನನ ತಟ್ಟೆ ಪಕ್ಕಕ್ಕೆ ಕುಕ್ಕಿದಳು. ಅರ್ಧಚಂದ್ರದ ಹಾಗೆ ಬಾಗಿದ್ದ, ಗಾಲಿ ಒಳಗೆ ಕೂತು ಗಾಡಿ ನಿಲ್ಲಿಸುವ ಆ ಕಬ್ಬಿಣದ ತುಂಡು ಸಿಮೆಂಟಿನ ನೆಲಕ್ಕೆ ಬಿದ್ದು ಠಣ್ ಅಂದಿತು. ಮುದ್ದೆ ಮುರಿಯುತ್ತಿದ್ದ ಓಬಳೇಶನ ಕೈ ಅಲ್ಲೇ ನಿಂತಿತು.

"ಉಣ್ಣೋ ಹೊತ್ನಾಗೆ ಇದೇನೇ ಮಂಜೀ," ಅಂದಳು ಅತ್ತೆ ಪಾಲಮ್ಮ. "ಚಪ್ಲಿನಾದ್ರೂ ಬಿಟ್ಟು ಒಳಗೆ ಬಾ."

"ಬಿಡ್ತೀನಿ ಅತ್ತೆ. ಮೊದ್ಲು ಇವನು ಹೇಳ್ಲಿ."

"ಬ್ರೇಕ್ ಶೂ. ಅದಕ್ಯಾಕೆ ಹಿಂಗಾಡ್ತಿ ಅತ್ತಿಗೆ?" ಓಬಳೇಶ ತುತ್ತನ್ನು ಸಾರಿಗೆ ಅದ್ದಿದ. "ಕೊಂಡ್ಲಹಳ್ಳಿ ಮುರುಗೇಶಂದು. ಅವನ ಗಾಡಿಯಾಗೆ ಬಿಚ್ಚಿದ್ದು. ನಾನೇ ಪೇಪರಿನಾಗೆ ಸುತ್ತಿ ಅವನ ಕೈಗೆ ಕೊಟ್ಟೆ."

"ಕಣ್ಣು ಬಿಟ್ಟು ನೋಡಿ ಹೇಳು. ಆ ತುದೀಗೆ ಬೆಸುಗೆ ಹಾಕೈತಲ್ಲ, ಅದನ್ನ ತಳಕು ಊರಾಗೆ ನಾನು ಪಕ್ಕದಾಗೆ ನಿಂತು ಹಾಕಿಸ್ದೆ. ಇದು ನನ್ನ ಗಾಡೀದು! ದೀಪಾವಳಿಗೆ ಮೊದ್ಲು ನೀನೇ ಬಿಚ್ಚಿ, ಹೊಸಾದು ಹಾಕಿ, ಹಳೇದು ಗುಜರಿಗೆ ಹಾಕ್ತೀನಿ ಅಂದೆ. ಗುಜರಿಗೆ ಹೋಗಬೇಕಾದ್ದು ಮುರುಗೇಶನ ಮನೀಗೆ ಹೆಂಗೆ ಹೋತು?"

ಓಬಳೇಶ ಮತ್ತೊಂದು ತುತ್ತು ಮುರಿದ. ಅವನ ಹೆಂಡತಿ ಸರಿತಾ ಸಾರಿನ ಸೌಟು ಹಿಡಿದು ಒಲೆ ಹತ್ತಿರವೇ ನಿಂತಳು.

"ನಾನು ಹೇಳ್ತೀನಿ ಕೇಳ್ರಿ," ಮಂಜಮ್ಮ ಎಲ್ಲರ ಕಡೆಗೂ ತಿರುಗಿದಳು. "ಅವನ ಗಾಡೀಗೆ ಇವನು ಕೈನೇ ಹಾಕಿಲ್ಲ. ನನ್ನ ಹಳೇ ಶೂ ತೋರ್ಸಿ, ನೋಡಪ್ಪ ನಿಂದು ಬಿಚ್ಚೀನಿ, ಹೊಸಾದು ಹಾಕೀನಿ ಅಂದವ್ನೆ."

"ಮೆಲ್ಲಕೆ ಮಾತಾಡೇ," ಅಂದ ಗಂಡ ರಾಜಣ್ಣ. "ಅಕ್ಕಪಕ್ಕದೋರು ಕೇಳ್ತಾರೆ."

"ಊರಿಗೆಲ್ಲಾ ಮೈಕಿನಾಗೆ ಕೂಗಿದೋಳು ನಾನು. ಈಗ್ಯಾಕೆ ಮೆಲ್ಲಕೆ ಮಾತಾಡ್ಲಿ?"

"ಅವನ ಶೂ ಇನ್ನೂ ಚೆನ್ನಾಗಿತ್ತು ಅತ್ತಿಗೆ," ಓಬಳೇಶ ಕೊನೆಗೂ ಬಾಯಿಬಿಟ್ಟ. "ಇನ್ನೊಂದು ಸೀಸನ್ ಆರಾಮಾಗಿ ಓಡ್ತಿತ್ತು."

"ಓಡ್ತಲ್ಲಪ್ಪ, ಚೆನ್ನಾಗೇ ಓಡ್ತು. ನಿಲ್ಲೋದೊಂದು ಬಿಟ್ಟು ಎಲ್ಲಾ ಮಾಡ್ತು!"

ಮುರುಗೇಶನ ಗೂಡ್ಸ್ ಆಟೋ ಹೋದ ವಾರ ಮೊಳಕಾಲ್ಮೂರು ಹತ್ತಿರದ ಇಳಿಜಾರಿನಲ್ಲಿ ನಿಲ್ಲದೆ, ರಸ್ತೆ ಪಕ್ಕದ ಬಂಡೆಗೆ ಹೋಗಿ ಗುದ್ದಿತ್ತು. ಅವನಿಗೇನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನಿರ್ಮಲಾಳ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಮೊಳಕಾಲ್ಮೂರಿನ ಮಗ್ಗದವರ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೈ ಅದು. ಎರಡು ಎಳನೀರು ತಗೊಂಡು ನೋಡಿ ಬರೋಣ ಅಂತ ಮಂಜಮ್ಮ ಇವತ್ತು ಬೆಳಿಗ್ಗೆ ಕೊಂಡ್ಲಹಳ್ಳಿಗೆ ಹೋಗಿದ್ದಳು. ಅವರ ಅಂಗಳದಲ್ಲಿ ಕಡಲೆಕಾಯಿಯ ಮೇಲೆ ಹೊದಿಸಿದ್ದ ಟಾರ್ಪಾಲು ಹಾರದ ಹಾಗೆ ಒಂದು ಮೂಲೆಗೆ ಇದೇ ಶೂ ಇಟ್ಟಿದ್ದರು.

"ಎಲ್ರೂ ಹಳೇ ಸಾಮಾನು ಗ್ಯಾರೇಜಿನಾಗೇ ಬಿಟ್ಟು ಬರ್ತಾರಕ್ಕ," ಅಂದಿದ್ದ ಮುರುಗೇಶ. "ಇವಳು, ಭಾರಕ್ಕೆ ಆಗ್ತೈತೆ ತಗೊಂಡ್ಬಾ ಅಂದ್ಲು, ತಂದೆ. ಮೊದ್ಲು ನಾನು ಬಿ.ಜಿ.ಕೆರೆಯಾಗೇ ರಿಪೇರಿ ಮಾಡಿಸ್ತಿದ್ದೆ. ನೀವು ಹೇಳಿದ್ರಿ ಅಂತ ಚಳ್ಳಕೆರೀಗೆ ಬಂದೆ."

ಬೈದಿದ್ದರೆ ಮಂಜಮ್ಮ ಅಲ್ಲೇ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದಳು. ಅವನು ಬೈಯಲಿಲ್ಲ. ನಿರ್ಮಲಾ ಎಡಗೈಯಲ್ಲೇ ಕಾಫಿ ಲೋಟ ತಂದುಕೊಟ್ಟು, "ಹಣೇಬರಹ ಬಿಡ್ರಕ್ಕ," ಅಂದಳು. ಮಂಜಮ್ಮ ಆ ಕಾಫಿ ಅಲ್ಲೇ ಬಿಟ್ಟು, ಶೂ ಕೇಳಿ ತಗೊಂಡು ಬಂದಳು.

ಮಂಜಮ್ಮ ಮೂರು ಗಾಲಿಯ ಗೂಡ್ಸ್ ಗಾಡಿ ಓಡಿಸುವ ಹೆಂಗಸು. ಮೊದಲು ಆ ಗಾಡಿ ರಾಜಣ್ಣನದು. ಶುಗರ್ ಬಂದು ಅವನ ಕಣ್ಣು ಮಂಜಾದ ಮೇಲೆ ಅವನು ಎಣ್ಣೆ ಮಿಲ್ಲಿನಲ್ಲಿ ಮೂಟೆ ತೂಕ ಹಾಕುವ ಕೆಲಸಕ್ಕೆ ಸೇರಿದ, ಇವಳು ಗಾಡಿಯ ಹ್ಯಾಂಡಲ್ ಹಿಡಿದಳು. ಚಳ್ಳಕೆರೆ ಮಿಲ್ಲುಗಳಿಂದ ಎಣ್ಣೆ ಟಿನ್ನು ತುಂಬಿಕೊಂಡು ತಳಕು, ಬಿ.ಜಿ.ಕೆರೆ, ಮೊಳಕಾಲ್ಮೂರಿನ ಅಂಗಡಿಗಳಿಗೆಲ್ಲಾ ಹಾಕಿ ಬರುತ್ತಾಳೆ. ಮೊದಮೊದಲು ನಕ್ಕವರೇ ಆಮೇಲೆ, "ಮಂಜಮ್ಮನ ಗಾಡಿ ಒಂದಿನಾನೂ ದಾರಿಯಾಗೆ ನಿಂತಿಲ್ಲ ಕಣಲೇ," ಅಂತ ಮಾತಾಡಿಕೊಂಡರು.

ಓಬಳೇಶ ಗ್ಯಾರೇಜು ತೆಗೆದಾಗ ನೊಣವೂ ಬರಲಿಲ್ಲ. ಆಗ ಅವನು ಅತ್ತಿಗೆಯನ್ನು ಮೈಕಿನ ಆಟೋದಲ್ಲಿ ಕೂರಿಸಿದ. ಮಂಜಮ್ಮ ಸೆರಗು ಹೊದ್ದು, ತನಗೆ ತೋಚಿದ ಹಾಗೆ ಹೇಳಿದಳು: "ನಾನು ಎಣ್ಣೆ ಗಾಡಿ ಮಂಜಮ್ಮ. ನನ್ನ ಗಾಡಿ ನಮ್ಮ ಓಬಳೇಶಿ ಕೈಯಾಗೈತೆ. ನಿಮ್ಮ ಗಾಡೀನೂ ಅವನ ಕೈಗೇ ಕೊಡ್ರಿ. ಬಿಚ್ಚಿದ ಹಳೇ ಸಾಮಾನು ನಿಮ್ಮ ಕಣ್ಣಿಗೆ ತೋರ್ಸಿ, ಕೈಗೆ ಕೊಟ್ಟೇ ಗಾಡಿ ಬಿಡ್ತಾನೆ. ಹಂಗೆ ಮಾಡ್ಲಿಲ್ಲಾಂದ್ರೆ ಬಂದು ನನ್ನ ಕೇಳ್ರಿ."

ಆ ಮಾತನ್ನು ಓಬಳೇಶ ರೆಕಾರ್ಡು ಮಾಡಿಟ್ಟುಕೊಂಡ, ಅವಳ ಫೋಟೋದ ಫ್ಲೆಕ್ಸನ್ನು ಗ್ಯಾರೇಜಿನ ಮೇಲೆ ಕಟ್ಟಿದ. ಹಳೇ ಸಾಮಾನು ಕೈಗೆ ಕೊಡುವ ಪದ್ಧತಿ ಅವಳೇ ಮಾಡಿಸಿದ್ದು. ಗಿರಾಕಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಅಂತ ಅವಳ ಲೆಕ್ಕ. ಆದರೆ ಗ್ರೀಸು ಮೆತ್ತಿದ ಸಾಮಾನನ್ನು ಮನೆಗೆ ಹೊತ್ತು ಹೋಗುವವರು ಯಾರು? ಪೇಪರ್ ಬಿಚ್ಚಿ ನೋಡಿ, ತಲೆಯಾಡಿಸಿ, "ಇಲ್ಲೇ ಇಟ್ಕಳಪ್ಪ," ಅಂತ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಬಿಟ್ಟು ಹೋದದ್ದನ್ನೇ ಓಬಳೇಶ ಮತ್ತೊಬ್ಬನಿಗೆ ತೋರಿಸುತ್ತಿದ್ದ. ಅವಳು ಮಾಡಿಸಿದ ಪದ್ಧತಿಯಿಂದಲೇ ಮೋಸ ನಡೆದಿತ್ತು. ಅದನ್ನು ನೆನೆಸಿಕೊಂಡಾಗೆಲ್ಲಾ ಅವಳ ಮೈ ಉರಿಯುತ್ತಿತ್ತು.

ಅವತ್ತು ತಟ್ಟೆಗಳ ಮುಂದೆ ಮಂಜಮ್ಮ ಎರಡು ಮಾತು ಹೇಳಿದಳು. "ಗ್ಯಾರೇಜಿನ ಮೇಲಿರೋ ನನ್ನ ಫೋಟೋ ಇಳೀಬೇಕು. ಬ್ರೇಕ್ ಮಾಡಿಸ್ಕೊಂಡು ಹೋದೋರ್ನೆಲ್ಲಾ ವಾಪಸ್ ಕರೆದು, ಅವರ ಮುಂದೇನೇ ಗಾಲಿ ಬಿಚ್ಚಿ ಹೊಸಾದು ಹಾಕ್ಬೇಕು."

"ಎಲ್ರನ್ನೂ ಕರೆದ್ರೆ ನಾಳಿಂದ ಗ್ಯಾರೇಜಿಗೆ ಬೀಗ."

"ಹಾಕು. ಬೀಗ ಹಾಕಿದ್ರೆ ಕೈಕಾಲಂತೂ ಮುರಿಯಲ್ಲ."

"ಓಬಳೇಶಿ," ಪಾಲಮ್ಮ ಮಗನ ತಟ್ಟೆಗೆ ಮಜ್ಜಿಗೆ ಹುಯ್ದಳು. ರಾಯದುರ್ಗದ ಕಡೆಯಿಂದ ಬಂದ ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಚೆಪ್ಪಿನಟ್ಟು ಚೆಯ್ಯಿರಾ. ಅವಳು ಹೇಳ್ದಂಗೆ ಮಾಡು. ಮುಂದಿನ ಸಂತೆ ಒಳಗೆ ಎಲ್ರನ್ನೂ ಕರಿ."

"ಆಯ್ತು ಬಿಡವ್ವ," ಅಂದು ಓಬಳೇಶ ಕೈ ತೊಳೆದ.

ಮಾರನೇ ದಿನವೇ ಫ್ಲೆಕ್ಸ್ ಇಳಿಯಿತು. ಮಂಜಮ್ಮ ಗಾಡಿ ನಿಲ್ಲಿಸಿ ಕಣ್ಣಾರೆ ನೋಡಿದಳು.

ಮನೆಯೊಳಗೆ ಮಾತ್ರ ಗಾಳಿ ಬಿಗಿದುಕೊಂಡಿತು. ಮೊದಲೆಲ್ಲಾ ಮಂಜಮ್ಮ ಬೆಳಿಗ್ಗೆ ಲೋಡಿಗೆ ಹೊರಡುವ ಹೊತ್ತಿಗೆ ಸರಿತಾ ಡಬ್ಬಿ ಕಟ್ಟಿಡುತ್ತಿದ್ದಳು. ಈಗ ಒಲೆ ಮೇಲೆ ಅವಳ ಗಂಡನ ಪಾಲಿನ ರೊಟ್ಟಿ ಬೇಯುತ್ತಿತ್ತು, ಇವಳ ಡಬ್ಬಿ ಗೂಟದಲ್ಲಿ ಖಾಲಿ ನೇತಾಡುತ್ತಿತ್ತು. ನೀರು ಹಿಡಿಯುವ ಸರದಿ ಬದಲಾಯಿತು. ಪಾತ್ರೆಗಳು ಸುಮ್ಮನೆ ಜೋರಾಗಿ ಸದ್ದು ಮಾಡಿದವು.

"ಚಿಕ್ಕಮ್ಮ, ಆ ಬೋಸಿ ಏನು ತಪ್ಪು ಮಾಡೈತೆ?" ಅಂದಳು ಮಂಜಮ್ಮನ ಮಗಳು ಜ್ಯೋತಿಲಕ್ಷ್ಮಿ, ಕಾಲೇಜಿಗೆ ಜಡೆ ಹಾಕಿಕೊಳ್ಳುತ್ತಾ.

"ನೀನು ಸುಮ್ನಿರು ಲಾಯರಮ್ಮ. ನಿಮ್ಮವ್ವನ ನಾಲಿಗೆಯಿಂದ ನಮ್ಮ ಅನ್ನ ಹೋಗೋ ಟೈಮ್ ಬಂದೈತೆ."

ಮಂಜಮ್ಮ ರೊಟ್ಟಿ ತಟ್ಟುತ್ತಲೇ ತಿರುಗಿದಳು. "ನಿರ್ಮಲನ ಅನ್ನ ಹೋಗೈತಲ್ಲ, ಅದಕ್ಕೇನಂತಿ?"

"ಅದು ತಪ್ಪೇ. ಅವರಿಗೂ ನಾನು ಅದನ್ನೇ ಹೇಳೀನಿ. ಆದ್ರೆ ನಿಮ್ದೂ ನೋಡ್ಕೊಳ್ಳಿ ಅಕ್ಕ. ನಿಮ್ಮ ಗಾಡೀಗೆ ಒಂದ್ಸಲನಾದ್ರೂ ಹಳೇ ಸಾಮಾನು ಹಾಕವ್ರಾ? ಎಲ್ಲಾ ಹೊಸಾದು, ಎಲ್ಲಾ ಕಂಪನಿದು. ಯಾಕೆ ಅಂದ್ಕೊಂಡ್ರಿ? ನಿಮ್ಮ ಮೇಲಿನ ಪ್ರೀತಿಗಾ? ನಿಮ್ಮ ಗಾಡಿ ರೋಡಿನಾಗೆ ನಿಲ್ಲದಂಗೆ ಓಡಿದ್ರೆ ತಾನೇ ಗಿರಾಕಿ ಬರೋದು!"

ಹಂಚಿನ ಮೇಲಿದ್ದ ರೊಟ್ಟಿ ಸೀದಿತು. ಮಂಜಮ್ಮ ಅದನ್ನು ತಿರುವಿ ಹಾಕುವುದನ್ನೇ ಮರೆತಿದ್ದಳು. ಇಷ್ಟು ದಿನ ತಾನು ಚೆನ್ನಾಗಿ ಓಡಿಸುತ್ತೇನೆ ಅನ್ನುವ ಜಂಬ ಅವಳಿಗಿತ್ತು. ಈಗ ನೋಡಿದರೆ ಓಡಾಡುವ ಫ್ಲೆಕ್ಸೇ ಅವಳು.

ಸಂತೆ ಬಂತು, ಹೋಯಿತು. "ಕರೀತಿದೀನಿ, ಬರ್ತಾವ್ರೆ," ಅನ್ನುತ್ತಿದ್ದ ಓಬಳೇಶ. ಮುರುಗೇಶನ ಗಾಡಿಗೆ ಮಾತ್ರ ತಾನೇ ಹೋಗಿ ಹೊಸಾ ಶೂ ಹಾಕಿ ಬಂದಿದ್ದ. ಮಂಜಮ್ಮ ಒಂದು ದಿನ ಲೋಡು ಹಾಕಿ ನನ್ನಿವಾಳಕ್ಕೆ ಹೋದಾಗ, ಕುರಿ ಸಾಗಿಸುವ ಮಾರಯ್ಯ ಬೇವಿನ ಮರದ ಕೆಳಗೆ ಗಾಡಿ ತೊಳೆಯುತ್ತಿದ್ದ.

"ಮಾರಣ್ಣ, ಓಬಳೇಶಿ ಕರೆದ್ನಾ?"

"ಯಾಕೆ ಕರೀತಾನೆ? ಹೋದ ತಿಂಗ್ಳೇ ಬ್ರೇಕ್ ಮಾಡಿಸೀನಲ್ಲ. ಗಟ್ಟಿಯಾಗೈತೆ."

"ಏಕಾಂತಪ್ಪನ ಹತ್ರ ಹೋಗಿ ಗಾಲಿ ಬಿಚ್ಚಿಸು. ಈಗ್ಲೇ."

"ಏನಮ್ಮ ನೀನು? ಅಲ್ಲೇ ಮಾಡ್ಸು ಅಂತ ಕೂಗಿದೋಳೂ ನೀನೇ, ಬಿಚ್ಚಿಸು ಅನ್ನೋಳೂ ನೀನೇ!"

ಏಕಾಂತಪ್ಪ ಹೈವೇ ಪಕ್ಕದ ಇನ್ನೊಬ್ಬ ಮೆಕ್ಯಾನಿಕ್. ಅವನು ಗಾಲಿ ಬಿಚ್ಚಿದ. ಒಳಗೆ ಶೂ ಮೇಲಿನ ಪಟ್ಟಿ ಸವೆದು ಕಬ್ಬಿಣ ಕಾಣುತ್ತಿತ್ತು. ಮಾರಯ್ಯ ಅದನ್ನೇ ನೋಡುತ್ತಾ ನಿಂತವನು ಮೆಲ್ಲಗೆ, "ಹೋದ ವಾರ ಇದರಾಗೆ ನನ್ನ ಮೊಮ್ಮಕ್ಳು ಕೂತಿದ್ವು," ಅಂದ.

ಮಂಜಮ್ಮ ಸಂಜೆ ಮನೆಗೆ ಬಂದು ಹಾರಾಡಿದಳು. ಓಬಳೇಶ, "ಇನ್ನೊಂದು ವಾರ ಕೊಡು," ಅಂದ. ರಾಜಣ್ಣನೂ ಮೆತ್ತಗೆ, "ಒಂದು ವಾರ ತಾನೇ," ಅಂದ. ಪಾಲಮ್ಮ ಕೂತಲ್ಲೇ ಕೈ ಮುಗಿದಳು. ಆ ಮುಗಿದ ಕೈ ನೋಡಿ ಮಂಜಮ್ಮ ಒಪ್ಪಿದಳು. ಆ ವಾರ ಕೊಟ್ಟದ್ದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ಮೊಳಕಾಲ್ಮೂರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಎಣ್ಣೆ ಟಿನ್ನು ಇಳಿಸುತ್ತಿದ್ದಳು. ಯಾರೋ ಹೆಂಗಸು ಜೋರಾಗಿ ಕೂಗುವುದು ಕೇಳಿಸಿತು. ಎಲ್ಲೋ ಕೇಳಿದ ದನಿ ಅನ್ನಿಸಿತು. ಮೂಲೆ ತಿರುಗಿ ಮೈಕಿನ ಆಟೋ ಬಂತು.

"...ನಿಮ್ಮ ಗಾಡೀನೂ ಅವನ ಕೈಗೇ ಕೊಡ್ರಿ. ಬಿಚ್ಚಿದ ಹಳೇ ಸಾಮಾನು ನಿಮ್ಮ ಕಣ್ಣಿಗೆ ತೋರ್ಸಿ, ಕೈಗೆ ಕೊಟ್ಟೇ ಗಾಡಿ ಬಿಡ್ತಾನೆ. ಹಂಗೆ ಮಾಡ್ಲಿಲ್ಲಾಂದ್ರೆ ಬಂದು ನನ್ನ ಕೇಳ್ರಿ..."

ಅವಳದೇ ದನಿ. ಓಬಳೇಶ ಚಳ್ಳಕೆರೆಯಲ್ಲಿ ಫ್ಲೆಕ್ಸ್ ಇಳಿಸಿ, ಇಲ್ಲಿ ರೆಕಾರ್ಡು ತಿರುಗಿಸುತ್ತಿದ್ದ. ಮಂಜಮ್ಮ ಟಿನ್ನನ್ನು ನಡುರಸ್ತೆಯಲ್ಲೇ ಇಟ್ಟು ಆಟೋಗೆ ಅಡ್ಡ ನಿಂತಳು.

"ನಿಲ್ಸಣ್ಣ!"

ಆಟೋ ಓಡಿಸುತ್ತಿದ್ದ ದೊಡ್ಡಪಾಲಯ್ಯ ತಲೆ ಹೊರಗೆ ಹಾಕಿದ. ನೆರೆಗೂದಲಿನ ಮನುಷ್ಯ. "ಯಾಕಮ್ಮ, ಸಾಯ್ತೀಯಾ? ಪ್ರಚಾರಕ್ಕೇನಾದ್ರೂ ಬೇಕಿತ್ತಾ?"

"ನಿನ್ನ ಗಾಡಿಯಾಗೆ ಕೂಗ್ತಿರೋಳು ನಾನೇ."

"ಅಯ್ಯೋ, ನೀವೇನಾ ಎಣ್ಣೆ ಗಾಡಿ ಮಂಜಮ್ಮ? ದನಿ ಕೇಳಿ ಭಾರಿ ದಪ್ಪಗಿರಬೇಕು ಅಂದ್ಕೊಂಡಿದ್ದೆ. ಇಷ್ಟೇನಾ!"

"ರೆಕಾರ್ಡು ನಿಲ್ಸು. ಮೈಕು ಕೊಡು."

"ಓಬಳೇಶಣ್ಣ ನಾಡಿದ್ದಿನ ತನಕ ಬಾಡಿಗೆ ಕೊಟ್ಟೈತಲ್ಲಮ್ಮ."

"ಬಾಡಿಗೆ ಅವನ್ದು. ದನಿ ಯಾರ್ದು?"

ದೊಡ್ಡಪಾಲಯ್ಯ ಒಂದು ಗಳಿಗೆ ಅವಳ ಮುಖ ನೋಡಿದ. ಸ್ವಿಚ್ ಆರಿಸಿ, ಮೈಕು ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟ.

ಮಂಜಮ್ಮ ಮೈಕು ಬಾಯಿಗೆ ಇಟ್ಟಳು. ಮೊದಲು ಬರೀ ಉಸಿರು ಬುಸ್ ಅಂತ ಕೇಳಿಸಿತು. ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಅದೇ ಒಳ್ಳೆಯದಾಯಿತು, ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಮಾತೂ ಬಂತು.

"ನಗಬ್ಯಾಡ್ರಿ, ಕೇಳ್ರಿ! ನಾನು ಎಣ್ಣೆ ಗಾಡಿ ಮಂಜಮ್ಮ. ಇಷ್ಟು ದಿನ ಈ ಮೈಕಿನಾಗೆ ಕೂಗಿದೋಳು. ಓಬಳೇಶನ ಗ್ಯಾರೇಜಿಗೆ ಗಾಡಿ ಕೊಡ್ರಿ ಅಂದಿದ್ದೆ. ಆ ಮಾತು ಇವತ್ತು ವಾಪಸ್ ತಗೊಂತೀನಿ. ಅವನು ನನ್ನ ಮೈದುನ, ಒಂದೇ ಮನೇಲಿ ಉಣ್ಣೋರು. ಆದ್ರೂ ಹೇಳ್ತೀನಿ. ನನ್ನ ಮಾತು ನಂಬಿ ಅಲ್ಲಿ ಬ್ರೇಕ್ ಮಾಡಿಸಿದೋರು ಯಾರಿದೀರೋ, ಇವತ್ತೇ ಬೇರೆ ಕಡೆ ಹೋಗಿ ಗಾಲಿ ಬಿಚ್ಚಿಸಿ ನೋಡ್ರಿ. ಹೊಸಾದು ಅಂತ ಹೇಳಿ ಹಳೇದನ್ನೇ ಬಿಟ್ಟವ್ನೆ. ಕೊಂಡ್ಲಹಳ್ಳಿ ನಿರ್ಮಲನ ಕೈ ಮುರಿದೈತೆ. ನನ್ನ ಮಾತು ಕೇಳಿ ಮುರ್ಕಂಡ್ಲು."

"ಏಮೈಂದಿ? ಏಮಂಟೋಂದಿ?" ಅಂತ ಹಣ್ಣಿನ ಗಾಡಿಯ ಮುದುಕಿ ಕೇಳಿದಳು, ಏನಾಯಿತು, ಏನಂತಾಳೆ ಅಂತ. ಮಂಜಮ್ಮ ತೆಲುಗಿನಲ್ಲೂ ಅಷ್ಟನ್ನೂ ಹೇಳಿದಳು.

ದೊಡ್ಡಪಾಲಯ್ಯ ಗಾಡಿ ಸ್ಟಾರ್ಟ್ ಮಾಡಿದ. "ಹತ್ತಿ ಕೂತ್ಕಳ್ರಮ್ಮ. ನಾನು ಕೂಗಿಸ್ದ ಬೀದಿಗಳಾಗೆಲ್ಲಾ ನೀವೇ ಕೂಗ್ಬಿಡ್ರಿ. ನನಗೂ ಈ ಊರಾಗೆ ಮುಖ ತೋರ್ಸಬೇಕಲ್ಲ."

ಅವಳು ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದರು. ಓಬಳೇಶ ಬಾಗಿಲಲ್ಲೇ ನಿಂತಿದ್ದ.

"ಮನೆ ಮಾನ ಬಸ್ ಸ್ಟ್ಯಾಂಡಿನಾಗೆ ಹರಾಜು ಹಾಕಿದ್ಯಲ್ಲ ಅತ್ತಿಗೆ!"

"ಬಸ್ ಸ್ಟ್ಯಾಂಡಿನಾಗೆ ಇಟ್ಟೋನು ನೀನು. ನಾನು ಎತ್ಕಂಡು ಬಂದೆ."

"ನಾನು ಎತ್ತಿ ಆಡಿಸ್ದೋನು ನಿನ್ನ ಮಗಳ್ನ. ನಿನಗೆ ಗಾಡಿ ಕಲಿಸ್ದೋನು ನಾನು! ಕ್ಲಚ್ ಯಾವ್ದು ಬ್ರೇಕ್ ಯಾವ್ದು ಗೊತ್ತಿರ್ಲಿಲ್ಲ ನಿನಗೆ."

"ಹೌದು, ನೀನೇ ಕಲಿಸ್ದೆ. ಬ್ರೇಕಿನ ಮೇಲೆ ನಂಬಿಕೆ ಇಟ್ಟೇ ಗಾಡಿ ಓಡಿಸ್ಬೇಕು ಅಂತ ಹೇಳ್ಕೊಟ್ಟೋನೂ ನೀನೇ. ಅದನ್ನೇ ಮಾರ್ಕಂಡ್ಯಲ್ಲೋ."

"ಅಣ್ಣ, ನಿನ್ನ ಹೆಂಡ್ತಿಗೆ ಹೇಳು. ನಾಳೆ ಇದೇ ಮೈಕಿನಾಗೆ, ಸಿಟ್ಟಿನಾಗೆ ತಪ್ಪು ಹೇಳ್ದೆ ಅಂತ ಹೇಳ್ಬೇಕು. ಇಲ್ಲಾಂದ್ರೆ ನನಗೂ ಈ ಮನೀಗೂ ಆಯ್ತು."

ಎಲ್ಲರೂ ರಾಜಣ್ಣನ ಕಡೆ ನೋಡಿದರು. ಅವನು ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದ.

ಬೆಳಿಗ್ಗೆ ಮಂಜಮ್ಮ ಚಳ್ಳಕೆರೆಯಲ್ಲೂ ಒಂದು ಮೈಕಿನ ಆಟೋ ಕರೆಸಿದಳು. ಮೊದಲ ಸಲ ಕೂಗಿದ ಬೀದಿಗಳಲ್ಲೆಲ್ಲಾ ಹೋಗಬೇಕಿತ್ತು. ಅವಳು ಹತ್ತಿ ಕೂತಾಗ ರಾಜಣ್ಣ ಚಪ್ಪಲಿ ಮೆಟ್ಟಿ ಹೊರಗೆ ಬಂದ.

"ಮಿಲ್ಲಿಗೆ ಹೊತ್ತಾಗ್ಲಿಲ್ವಾ?" ಅಂದಳು.

"ಸರಿ, ಅತ್ಲಾಗೆ ಸರ್ಕೋ," ಅಂದು ಪಕ್ಕದಲ್ಲಿ ಕೂತ. ಮಾರ್ಕೆಟ್ಟಿನಲ್ಲಿ ಒಬ್ಬ, "ಏನ್ ರಾಜಣ್ಣ, ತಮ್ಮನ ಮೇಲೆ ಹೆಂಡ್ತಿ ಜತೆ ಸೇರ್ಕಂಡ್ಯಾ?" ಅಂತ ಚುಚ್ಚಿದ. "ನಿನ್ನ ಗಾಡಿ ಬಿಚ್ಚಿಸ್ದೇನಲೇ?" ಅಂತ ಇವನು ತಿರುಗಿ ಕೇಳಿದ. ಅವನು ನಗುವುದು ನಿಲ್ಲಿಸಿ ಗಾಡಿಯ ಗಾಲಿ ಕಡೆ ನೋಡಿದ.

ಏಕಾಂತಪ್ಪನ ಅಂಗಡಿ ಮುಂದೆ ಗಾಡಿಗಳು ಸಾಲುಗಟ್ಟಿದವು. ಕೆಲವುಗಳಲ್ಲಿ ಬ್ರೇಕು ಸರಿಯಾಗಿಯೇ ಇತ್ತು. ಹಲವುಗಳಲ್ಲಿ ಇರಲಿಲ್ಲ. ಓಬಳೇಶನ ಗ್ಯಾರೇಜಿನ ಮುಂದೆ ಮೊದಲ ದಿನ ಜಗಳ, ಎರಡನೇ ದಿನ ಬೈಗುಳ, ಆಮೇಲೆ ಬರೀ ಧೂಳು. ಮಂಜಮ್ಮನಿಗೂ ಸುಖವೇನಿರಲಿಲ್ಲ. "ಮನೆಯೋರ್ನೇ ಬಿಡದೋಳು," ಅಂತ ಎರಡು ಅಂಗಡಿಯವರು ಎಣ್ಣೆ ತರಿಸುವುದು ನಿಲ್ಲಿಸಿದರು. ಅವಳು ಆ ಅಂಗಡಿಗಳ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋದಳು.

ರಾಯದುರ್ಗದಲ್ಲಿ ಸರಿತಾಳ ಅಣ್ಣಂದಿರು ಇದ್ದರು. ಓಬಳೇಶ ಅಲ್ಲಿಗೆ ಹೋಗುವುದು ಅಂತಾಯಿತು. ಟೂಲ್ಸ್ ಪೆಟ್ಟಿಗೆ, ಜಾಕು, ಪಾತ್ರೆ ಪಡಗ ಲಗೇಜ್ ಗಾಡಿಗೆ ಏರಿದವು. ಸರಿತಾ ಹೋಗುವ ಮೊದಲು ಒಲೆ ಸಾರಿಸಿ, ನೀರು ತುಂಬಿಟ್ಟು ಹೋದಳು. ಓಬಳೇಶ ಅಣ್ಣನ ಕಡೆಗೂ ನೋಡದೆ ಗಾಡಿಯ ಪಕ್ಕದಲ್ಲಿ ನಿಂತ.

ಆಗ ಪಾಲಮ್ಮ ಒಳಗಿಂದ ಸೀರೆ ಗಂಟು ಹಿಡಿದು ಬಂದಳು.

ಮಂಜಮ್ಮ ಸಾರು ಕುದಿಸುತ್ತಿದ್ದವಳು ಎದ್ದಳು. "ನೀವೆಲ್ಲಿಗೆ ಅತ್ತೆ?"

"ಓಬಳೇಶಿ ಜತೀಗೆ."

"ಅಂದ್ರೆ ನಾನು ಮಾಡಿದ್ದು ತಪ್ಪಾ? ಇಷ್ಟು ದಿನ ಬಾಯಿ ಬಿಡ್ದೆ ಇದ್ದು, ಈಗ ಹಿಂಗೆ ಹೇಳ್ತೀರಾ?"

"ಯಾರಂದ್ರೇ ತಪ್ಪು ಅಂತ?" ಪಾಲಮ್ಮನ ದನಿ ಗಡುಸಾಗಿತ್ತು. "ಆ ಹುಡುಗಿ ಕೈ ಜಾಗದಾಗೆ ನನ್ನ ಕೈ ಇದ್ದಿದ್ರೆ ನಾನೇ ಮೈಕ್ ಹಿಡೀತಿದ್ದೆ."

"ಮತ್ಯಾಕೆ ಹೋಗ್ತೀರಿ? ನಿಮ್ಮ ಮನೆ ಇದು. ಹೋಗೋದಾದ್ರೆ ನಾನು ಹೋಗ್ತೀನಿ."

"ನೀನು ಹೋದ್ರೆ ಅವನು ಸರಿ ಆಗ್ತಾನೇನೇ? ನಿನ್ನ ಕಡೀಗೆ ಊರೈತೆ, ರಾಜಣ್ಣ ಐದಾನೆ, ಜ್ಯೋತಿ ಐತೆ. ಅಲ್ಲಿ ಅವರೆಲ್ಲಾ ಅವನ್ನ ಅಳಿಯಂದ್ರು ಅಂತ ಮೇಲೆ ಕೂರಿಸ್ತಾರೆ. ಅವನ್ನ ಬೈಯೋಕೆ ಅಲ್ಲಿ ಯಾರಿದಾರೆ?"

ಮಂಜಮ್ಮ ಗಂಟು ಹಿಡಿದು ಎಳೆದಳು. ಪಾಲಮ್ಮ ಬಿಡಲಿಲ್ಲ. ಇಬ್ಬರೂ ಬಾಗಿಲಲ್ಲಿ ಹಾಗೇ ನಿಂತರು.

"ನಾನು ಮಾತು ಹಿಂದಕ್ಕೆ ತಗೊಳ್ಳಲ್ಲ ಅತ್ತೆ. ನೀವು ಹೋಗ್ತೀನಿ ಅಂತ ಹೆದ್ರಿಸಿದ್ರೂ ತಗೊಳ್ಳಲ್ಲ."

"ತಗೊಂಡ್ರೆ ಕಪಾಳಕ್ಕೆ ಹೊಡೀತೀನಿ," ಅಂದಳು ಪಾಲಮ್ಮ.

ಮಂಜಮ್ಮನ ಕೈ ಸಡಿಲವಾಯಿತು.

"ಯಾವಾಗ ಬರ್ತೀರಿ?"

"ಸಾರು ಉಕ್ತೈತೆ, ನೋಡೋಗು," ಅಂದು ಪಾಲಮ್ಮ ಗಂಟನ್ನು ಕಂಕುಳಲ್ಲಿಟ್ಟು ಅಂಗಳಕ್ಕೆ ಇಳಿದಳು. ರಾಜಣ್ಣ ಹಿಂದೆಯೇ ಓಡಿ ಕೈ ಹಿಡಿದು ಹತ್ತಿಸಲು ಹೋದ. ಅವಳು ಕೊಡವಿಕೊಂಡು ತಾನೇ ಹತ್ತಿ, ಟೂಲ್ಸ್ ಪೆಟ್ಟಿಗೆಯ ಮೇಲೆ ಕೂತು, ಓಬಳೇಶನಿಗೆ, "ನಡಿಯಲೇ, ಏನು ನೋಡ್ತಿ," ಅಂತ ಗದರಿದಳು. ಗಾಡಿ ಹೋಯಿತು.

ಮಂಜಮ್ಮ ಸಾರು ಇಳಿಸಿದಳು. ಗಂಡನಿಗೆ, ಮಗಳಿಗೆ ಬಡಿಸಿಟ್ಟು, ಗಾಡಿ ಹೊರಗೆ ತೆಗೆದಳು. ನಿರ್ಮಲಾಳ ಕೈಯ ಕಟ್ಟು ಬಿಚ್ಚಿಸಲು ಅವತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು.

ಯುಗಾದಿಗೆ ರಾಜಣ್ಣನೇ ರಾಯದುರ್ಗಕ್ಕೆ ಹೋಗಿ ಕರೆದ. "ಇವನ್ನ ಬಿಟ್ಟು ಬಂದ್ರೆ ಬೈಯೋರು ಯಾರು," ಅಂದು ಪಾಲಮ್ಮ ಬರಲಿಲ್ಲ. ಜ್ಯೋತಿಲಕ್ಷ್ಮಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.